ಕಾಣದ ಹೊಲಿಗೆಯ ಚಿತ್ರ

ಭಾನುವಾರ, ಮಧ್ಯಾಹ್ನ
ಅಂಗಡಿಯ ಮೇಜಿನಿಂದ

ನನ್ನ ಚಿನಕುರುಳಿಗೆ,

ನಿನ್ನ ಅತ್ತಿಗೆಯ ಪ್ರೀತಿ. ನಿಮ್ಮಣ್ಣ ಇಟ್ಟ ಹೆಸರಿನಿಂದಲೇ ನಿನ್ನನ್ನು ಕರೆದಿದ್ದೇನೆ. ಐವತ್ತು ದಾಟಿದ ಮೇಲೂ ಚಟಪಟ ಸಿಡಿಯುವ ನಾದಿನಿಗೆ ಬೇರೆ ಹೆಸರು ಒಪ್ಪುವುದಿಲ್ಲ.

ನೀನು ಫೋನಿನಲ್ಲಿ ಎಷ್ಟು ಸಲ ಕೇಳಿದೆಯೋ ಅಷ್ಟು ಸಲವೂ ನಾನು "ಹೂಂ, ನೋಡೋಣ" ಎಂದೆ. ಕೊನೆಯ ಸಲ ನಿನಗೆ ರೇಗಿ, "ನೋಡೋಣ ನೋಡೋಣ ಅಂತ ಇನ್ನೆಷ್ಟು ನೋಡ್ತೀರಿ ಅತ್ತಿಗೆ? ಕಣ್ಣು ಸವೀತಾವೆ" ಎಂದು ಬೈದೆ. ಬೈದದ್ದು ಸರಿಯೇ. ಆದರೆ ನೀನು ಒಂದು ಮಾತು ಮುಗಿಸಿ ಇನ್ನೊಂದಕ್ಕೆ ಹಾರುವಷ್ಟರಲ್ಲಿ ನನ್ನ ಉತ್ತರ ನಾಲಿಗೆಯ ಮೇಲೇ ಒಣಗಿಹೋಗುತ್ತದೆ. ದಿನಾ ಒಂದು ಪುಟ ನನಗಾಗಿಯೇ ಬರೆದುಕೊಳ್ಳುವ ಅಭ್ಯಾಸ ಇದೆಯಲ್ಲ, ಅದರಿಂದ ಕೆಟ್ಟೆ. ಅಲ್ಲಿ ಯಾರೂ ಎದುರು ಕೇಳುವುದಿಲ್ಲ. ಇವತ್ತು ನಿನ್ನ ಪ್ರಶ್ನೆಗೆ ಉತ್ತರ ಇದೆ. ಅದನ್ನು ಹೇಳುವ ಮುಂಚೆ ನೀನು ಕಳಿಸಿದ ಕ್ಯಾಮೆರಾದ ಕಥೆ ಹೇಳಬೇಕು. ಅದಿಲ್ಲದೆ ಉತ್ತರ ಅರ್ಥವಾಗುವುದಿಲ್ಲ.

ಅಂಗಡಿಯ ಸ್ಥಿತಿ ನಿನಗೆ ಗೊತ್ತು. ಬಟ್ಟೆ ಹರಿದರೆ ಎಸೆಯುವ ಕಾಲ. ಹರಿದ ಜಾಗಕ್ಕೆ ಅದೇ ಬಟ್ಟೆಯ ಒಳ ಅಂಚಿನಿಂದ ಎಳೆ ಕಿತ್ತು, ಒಂದೊಂದಾಗಿ ನೇಯ್ದು ತುಂಬುವ ರಫು ಕೆಲಸ ಯಾರಿಗೆ ಬೇಕು? ನಿಮ್ಮಣ್ಣ ಹೋದ ಮೇಲೆ ಬರುತ್ತಿದ್ದವರೂ ಕಡಿಮೆಯಾದರು. ಕೆಲವರು ಬಾಗಿಲಲ್ಲಿ ನಿಂತು ಅವರ ಖಾಲಿ ಕುರ್ಚಿ ನೋಡಿ, ಏನೂ ಕೊಡದೆ, ಸಮಾಧಾನ ಹೇಳಿ ಹೋಗುತ್ತಾರೆ. ಸಮಾಧಾನದಿಂದ ಬಾಡಿಗೆ ಕಟ್ಟಲಾಗುವುದಿಲ್ಲವಲ್ಲ. ಕೆಳಗಿನ ಅಂಗಡಿಯಲ್ಲಿ ಕೀಲಿ ಮಾಡುವವನಿಗೆ ಈ ಕೋಣೆ ಬೇಕಂತೆ, ಯಂತ್ರ ಇಡುವುದಕ್ಕೆ. ತಿಂಗಳ ಕೊನೆಗೆ ಇಟ್ಟುಕೊಳ್ಳುತ್ತೇನೋ ಬಿಡುತ್ತೇನೋ ಹೇಳಬೇಕಿತ್ತು. ಬಿಟ್ಟರೆ ನಿಮ್ಮ ಮನೆಯಲ್ಲಿ ನೀನು ನನಗಾಗಿ ಖಾಲಿ ಮಾಡಿಸಿ ಸುಣ್ಣ ಹೊಡೆಸಿಟ್ಟಿರುವ ಕೋಣೆಯೇ ಗತಿ. ಕಿಟಕಿಯ ಪರದೆಯ ಬಣ್ಣ ಯಾವುದಿರಲಿ ಎಂದೂ ಕೇಳಿದ್ದೆ. ನಾನು ಅದಕ್ಕೂ "ನೋಡೋಣ" ಎಂದಿದ್ದೆ.

ಉಳಿದಿದ್ದ ಒಂದೇ ಆಸೆ ನಾಟಕದ ಉಡುಪುಗಳ ಭಂಡಾರ. ಹಳೆಯ ಕೋಟು, ನಿಲುವಂಗಿ, ಕಸೂತಿಯ ಮೇಲಂಗಿಗಳನ್ನು ಪೆಟ್ಟಿಗೆಗಟ್ಟಲೆ ಇಟ್ಟುಕೊಂಡು ನಾಟಕದವರಿಗೆ ಬಾಡಿಗೆಗೆ ಕೊಡುವ ದೊಡ್ಡ ಜಾಗ ಅದು. ರಫು ಮಾಡುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿ, ನಾನು ಬರೆದು ಹಾಕಿದ್ದೆ. ಅಲ್ಲಿನ ಮೇಲ್ವಿಚಾರಕಿ, "ತುಂಬಾ ಹತ್ತಿರದಿಂದ ತೆಗೆದ ಮೂರು ಚಿತ್ರ ಕಳಿಸಿ, ಕೈಕೆಲಸ ಕಾಣಬೇಕು, ತಿಂಗಳೊಳಗೆ" ಎಂದು ಉತ್ತರ ಬರೆದರು. ಒಪ್ಪಿದರೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ನಿನ್ನ ಪರದೆ.

ಆಗ ನಿನ್ನ ಪೊಟ್ಟಣ ನೆನಪಾಯಿತು. ಕೋಪ ಮಾಡಿಕೊಳ್ಳಬೇಡ, ಬಂದದ್ದನ್ನು ನಾನು ಬಿಚ್ಚಿಯೇ ಇರಲಿಲ್ಲ. "ಮಗಳಿಗೆ ಹೊಸದು ಬಂತು, ಇದು ನಿಮಗೆ, ಏನಾದ್ರೂ ಹೊರಗೆ ಹೋಗಿ ಕ್ಲಿಕ್ ಮಾಡಿ" ಎಂದು ಬರೆದಿದ್ದೆಯಲ್ಲ, ಹೊರಗೆ ಹೋಗಿ ತೆಗೆಯುವಂಥದ್ದು ನನಗೆ ಏನೂ ಕಾಣುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕ್ಯಾಮೆರಾ. ಗುಂಡಿ ಒತ್ತಿದರೆ ಆಮೆ ತಲೆ ಚಾಚಿದ ಹಾಗೆ ಮೂಗು ಹೊರಗೆ ಬರುತ್ತದೆ. ಅದರ ಜೊತೆ ಒಂದು ಬ್ಯಾಟರಿ, ಒಂದು ಚಾರ್ಜರ್. ಪಟ್ಟಿ ಇಲ್ಲ, ಚೀಲ ಇಲ್ಲ, ಚಿತ್ರ ತುಂಬಿಡುವ ಕಾರ್ಡೂ ಇಲ್ಲ. ನಿನ್ನ ಮಗಳು ಅತ್ತೆಗೆ ಆನೆ ಕೊಟ್ಟು ಅಂಕುಶ ತಾನೇ ಇಟ್ಟುಕೊಂಡಿದ್ದಾಳೆ ಎಂದು ಅವಳಿಗೆ ಹೇಳು.

ಒಳಗೆ ಏಳೆಂಟು ಚಿತ್ರಕ್ಕೆ ಸಾಲುವಷ್ಟು ಜಾಗ ಇತ್ತು. ಬೂದು ಪ್ಯಾಂಟೊಂದರ ಮೊಣಕಾಲಿಗೆ ಹಾಕಿದ ರಫು ತೆಗೆದೆ. ಚಿತ್ರ ಮಂಜುಮಂಜಾಗಿ ಬಂತು. ಹೂವಿನ ಗುರುತಿನ ಗುಂಡಿ ಒತ್ತಿದರೆ ಹತ್ತಿರದ್ದು ಕಾಣುತ್ತದೆಂದು ನಿನ್ನ ಮಗಳು ಚೀಟಿ ಬರೆದಿದ್ದಳು. ಒತ್ತಿದೆ. ಎಳೆ ಕಾಣುವಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಬಟ್ಟೆಯ ಮೇಲೆ ಕೂರುತ್ತಿತ್ತು. ನಾವು ಸಣ್ಣ ಎಳೆ ನೋಡಲು ಬಳಸುವ ಭೂತಗನ್ನಡಿಯನ್ನು ಮುಂದೆ ಹಿಡಿದೆ. ಎಳೆ ಹಗ್ಗದಂತೆ ಕಂಡಿತು! ಆದರೆ ಒಂದು ಕೈಯಲ್ಲಿ ಗಾಜು, ಒಂದು ಕೈಯಲ್ಲಿ ಕ್ಯಾಮೆರಾ, ಬಟ್ಟೆ ಹಿಡಿಯಲು ಮೂರನೇ ಕೈ ಎಲ್ಲಿಂದ ತರಲಿ?

ಸೂಜಿಯವಳ ಬುದ್ಧಿ ಸೂಜಿಯ ಕಡೆಗೇ ಓಡುತ್ತದೆ. ದಪ್ಪ ಬಟ್ಟೆಯಲ್ಲಿ ಕೊಳವೆಯಂಥ ತೋಳು ಹೊಲಿದೆ. ಒಂದು ತುದಿ ಕ್ಯಾಮೆರಾದ ಮೂಗಿಗೆ ಬಿಗಿ, ಇನ್ನೊಂದು ತುದಿಗೆ ಗಾಜು. ಅಂಚಿಗೆ ಎರಡು ಸುತ್ತು ಹೊಲಿಗೆ, ಒಳಗೆ ಕಪ್ಪು ಅಸ್ತರು. ನನಗೇ ಹೆಮ್ಮೆಯಾಯಿತು. ಮೂಗು ಒಳಗಿದ್ದಾಗ ಅಳತೆ ತೆಗೆದಿದ್ದೆ, ಅದೇ ತಪ್ಪು. ಗುಂಡಿ ಒತ್ತಿದ ಕೂಡಲೇ ಮೂಗು ಹೊರಗೆ ಬರಲು ನೋಡಿತು, ಬಟ್ಟೆ ಬಿಡಲಿಲ್ಲ. ಅಸ್ತರಿನ ಎಳೆ ಒಳಗೆ ಸಿಕ್ಕಿ ಕ್ಯಾಮೆರಾ ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಟ್ಟಿ, ಹಿಂಬದಿಯ ಪುಟ್ಟ ಪರದೆಯಲ್ಲಿ ಕೆಂಪು ಅಕ್ಷರ ತೋರಿಸಿ ಕಣ್ಣು ಮುಚ್ಚಿತು. ನಿನ್ನ ಉಡುಗೊರೆಯನ್ನು ಕೊಂದುಬಿಟ್ಟೆ ಎಂದುಕೊಂಡೆ. ಕೊಳವೆ ಸಮೇತ ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಹಿಂದಿರುವ ಹಳೇ ಕ್ಯಾಮೆರಾ ಅಂಗಡಿಗೆ ಓಡಿದೆ.

ಆ ಅಂಗಡಿಯನ್ನು ಗಂಡ ಹೆಂಡತಿ ನಡೆಸುತ್ತಾರೆ. ಆತನಿಗೆ ಮಾತು ಜಾಸ್ತಿ, ಆಕೆಗೆ ಕೆಲಸ ಜಾಸ್ತಿ. ಆತ ಕ್ಯಾಮೆರಾವನ್ನು ಎತ್ತಿ ಹಿಡಿದು, "ಏನಮ್ಮಾ ಇದು, ನೆಗಡಿ ಅಂತ ಕುಲಾವಿ ಹೊಲಿದು ಹಾಕಿದ್ದೀರಾ?" ಎಂದ. ಒಳಗೆ ಚಿತ್ರ ಮುದ್ರಿಸುತ್ತಿದ್ದ ಹೆಂಡತಿ ಬಂದು ನೋಡಿ, "ಹೊಲಿಗೆ ನೋಡ್ರೀ ಮೊದ್ಲು. ನಿಮ್ಮ ಅಂಗಿ ಕಾಲರಿಗೆ ನಾನು ಹಾಕಿದ್ದಕ್ಕಿಂತ ಎಷ್ಟು ಚೆನ್ನಾಗಿದೆ" ಎಂದಳು. "ಅದಕ್ಕೇನು, ಗೋಣಿಚೀಲದ ಹೊಲಿಗೇನೂ ಅದಕ್ಕಿಂತ ಚೆನ್ನಾಗಿರುತ್ತೆ" ಎಂದ ಆತ. "ಹಾಗಾದ್ರೆ ನಾಳೆಯಿಂದ ಗೋಣಿಚೀಲಾನೇ ಹಾಕ್ಕೊಳ್ಳಿ" ಎಂದಳು ಆಕೆ. ನನಗೆ ನಗು ಬಂತು. ನನ್ನ ನಗು ನನಗೇ ಕೇಳಿಸಿತು. ಬಹಳ ದಿನದಿಂದ ಕೇಳಿರಲಿಲ್ಲ ನೋಡು.

ಆತ ಚಿಮಟದಿಂದ ಎಳೆ ತೆಗೆದು, ಗುಂಡಿ ಒತ್ತಿ, ಮೂಗು ಸರಾಗವಾಗಿ ಹೊರಗೆ ಬಂದಾಗ, "ಬದುಕ್ತು" ಎಂದ. ಆಮೇಲೆ ಕೇಳಿದ, "ಏನು ತೆಗೀಬೇಕು ನಿಮಗೆ? ಅದು ಹೇಳದೆ ನಾನು ಏನೂ ಕೊಡಲ್ಲ."

"ಹೊಲಿಗೆ."

"ಎಂಥಾ ಹೊಲಿಗೆ?"

"ಕಾಣದೇ ಇರೋ ಹೊಲಿಗೆ."

ಆತ ಹೆಂಡತಿಯ ಮುಖ ನೋಡಿದ. "ಕಾಣದೇ ಇರೋದನ್ನ ತೆಗೆಯೋ ಸಾಮಾನು ನಮ್ಮಲ್ಲಿಲ್ಲ ಕಣಮ್ಮಾ" ಎಂದ. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಭಂಡಾರ, ಮೂರು ಚಿತ್ರ, ತಿಂಗಳ ಕೊನೆ. ಇಷ್ಟು ಮಾತನ್ನು ಗುರುತಿಲ್ಲದವರ ಮುಂದೆ ಹೇಗೆ ಆಡಿದೆನೋ ಗೊತ್ತಿಲ್ಲ.

ಆತ ಕ್ಯಾಮೆರಾದ ಮೂಗಿನ ಸುತ್ತ ಇದ್ದ ಬೆಳ್ಳಿಬಣ್ಣದ ಬಳೆಯನ್ನು ತಿರುಗಿಸಿ ತೆಗೆದ. ಅದು ಬರೀ ಅಲಂಕಾರ ಎಂದುಕೊಂಡಿದ್ದೆ. ಅದರ ಕೆಳಗೆ ಡಬ್ಬಿಯ ಬಾಯಿಗೆ ಇರುವ ಹಾಗೆ ತಿರುಪು ಇತ್ತು. ಡ್ರಾಯರಿನಿಂದ ಎರಡು ಕಪ್ಪು ಲೋಹದ ಕೊಳವೆ ತೆಗೆದು ಮುಂದಿಟ್ಟ. ಒಂದು ಗಿಡ್ಡ, ಒಂದು ಉದ್ದ. "ಇದಕ್ಕೆ ಅಡಾಪ್ಟರ್ ಅಂತಾರೆ. ನೀವು ಬಟ್ಟೇಲಿ ಹೊಲಿದಿದ್ದನ್ನೇ ಅವರು ಲೋಹದಲ್ಲಿ ಮಾಡಿದ್ದಾರೆ, ಅಷ್ಟೇ" ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಕುಲಾವಿಯ ಅವಮಾನವೆಲ್ಲ ಮರೆತುಹೋಯಿತು.

ಗಿಡ್ಡ ಕೊಳವೆಗೆ ಬೆಲೆ ಕಡಿಮೆ. ನಾನು ಅದಕ್ಕೇ ಕೈ ಹಾಕಿದೆ. ಆತ ಅದನ್ನು ತಿರುಪಿ ಮುಂದೆ ಅಂಗೈ ಅಡ್ಡ ಹಿಡಿದು ಮೂಗನ್ನು ಪೂರಾ ಹೊರಗೆ ಬಿಟ್ಟ. ಅದು ಬಂದು ಅಂಗೈಗೆ ಗುದ್ದಿತು. "ಗಾಜು ಇದ್ದಿದ್ರೆ ಏನಾಗ್ತಿತ್ತು? ದೂರದಲ್ಲೇ ನಿಂತು ಹತ್ತಿರಕ್ಕೆ ಎಳ್ಕೊಂಡು ತೆಗೆದ್ರೆ ನಿಮಗೆ ನೆರಳು ಬೀಳಲ್ಲ. ಹಾಗೆ ಎಳೆದಾಗ ಮೂಗು ಉದ್ದ ಬರುತ್ತೆ, ಉದ್ದ ಕೊಳವೇನೇ ಬೇಕು." ಮಕ್ಕಳ ಬಟ್ಟೆಗೆ ಬೆಳೆಯಲು ಅಂಚು ಬಿಟ್ಟು ಹೊಲಿಯುವವಳು ನಾನು, ಇದನ್ನು ಮರೆತಿದ್ದೆ. ಕೊಳವೆಯ ತುದಿಗೆ ಹತ್ತಿರದ್ದನ್ನು ದೊಡ್ಡದು ಮಾಡುವ ಗಾಜು ಹಾಕಬೇಕು. ಅಲ್ಲಿದ್ದ ಹಳೆಯ ಗಾಜಿನ ಸುತ್ತು ಕೊಳವೆಗಿಂತ ಚೂರು ಕಿರಿದು. ನಡುವೆ ಒಂದು ತೆಳು ಬಳೆ ಹಾಕಿ ಕೂರಿಸಿದ. ದೊಡ್ಡ ಕೊರಳಿಗೆ ಚಿಕ್ಕ ಕಾಲರ್ ಬಂದಾಗ ನಾವು ನಡುವೆ ಪಟ್ಟಿ ಕೊಡುವುದಿಲ್ಲವೇ, ಹಾಗೆಯೇ. ಅವರ ಕಸುಬೂ ನಮ್ಮ ಕಸುಬೂ ಅಕ್ಕತಂಗಿಯರಂತೆ ಅನ್ನಿಸಿತು.

ಕಾರ್ಡಿನ ವಿಷಯದಲ್ಲೂ ನಾನು ಮೂರ್ಖಳಾಗುತ್ತಿದ್ದೆ. ತುಂಬ ಹಿಡಿಸುವ ದೊಡ್ಡದೇ ಇರಲಿ ಎಂದೆ. ಹಳೇ ಕ್ಯಾಮೆರಾ ಅದನ್ನು ಓದುವುದೇ ಇಲ್ಲವಂತೆ. ಹುಡುಕಿ ಹುಡುಕಿ ಒಂದು ಚಿಕ್ಕ ಹಳೆಯ ಕಾರ್ಡು ಕೊಟ್ಟ. ಆಮೇಲೆ ಆತನ ಮಾತಿನ ಗಾಡಿ ಇಳಿಜಾರಿಗೆ ಬಿತ್ತು. ಅಗಲವಾಗಿ ತೋರಿಸುವ ಇನ್ನೊಂದು ಗಾಜು ತಂದು, "ಇದಿದ್ರೆ ಇಡೀ ಮದುವೆಮನೆ ಒಂದೇ ಚಿತ್ರದಲ್ಲಿ ಬರುತ್ತೆ" ಎಂದ. ಹೆಂಡತಿ, "ಅವರು ದಾರ ತೆಗೆಯೋಕೆ ಬಂದಿದ್ದಾರೆ, ದಿಬ್ಬಣ ಅಲ್ಲ. ಒಳಗಿಡಿ" ಎಂದಳು. ಗಾಜಿಗೆ ಗೀರು ಬೀಳದ ಹಾಗೆ ಇನ್ನೊಂದು ಗಾಜು ಎಂದ. "ಅಂಗಿ ಕೊಳೆಯಾಗುತ್ತೆ ಅಂತ ಅಂಗಿ ಮೇಲೆ ಅಂಗಿ ಹಾಕ್ತಾರಾ?" ಎಂದಳು ಆಕೆ. ಎರಡನೇ ಬ್ಯಾಟರಿಯನ್ನು ನಾನೇ ಬೇಡವೆಂದೆ. ಮನೆಯಲ್ಲೇ ತೆಗೆಯುವುದು, ಖಾಲಿಯಾದರೆ ತುಂಬಿಸಿಕೊಂಡರಾಯಿತು.

ಆದರೆ ಗೇಣುದ್ದದ ಮೂರು ಕಾಲಿನ ನಿಲುವನ್ನು ಆಕೆಯೇ ತಂದಿಟ್ಟಳು. "ಇದು ಬೇಕೇ ಬೇಕು."

"ನನ್ನ ಕೈ ನಡುಗಲ್ಲ" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆನೇನೋ.

"ಕೈ ನಡುಗದೇ ಇದ್ರೂ ಉಸಿರು ನಡುಗುತ್ತಲ್ಲ ಅಕ್ಕಾ" ಎಂದಳು ಆಕೆ ಮೆತ್ತಗೆ. "ಇದರ ಮೇಲಿಟ್ಟು, ಹತ್ತು ಎಣಿಸಿ ತಾನೇ ತೆಗೆಯೋ ಗುಂಡಿ ಒತ್ತಿ, ಕೈ ಬಿಟ್ಟುಬಿಡಿ. ಬೆಳಕಿಗೆ ನಿಮ್ಮ ಕಿಟಕಿ ಸಾಕು."

ನಾನು ಆ ನಿಲುವನ್ನೂ ತಂದೆ.

ನನ್ನ ಬದುಕೆಲ್ಲ ಎಳೆ ನೋಡುತ್ತಲೇ ಕಳೆದದ್ದು. ಆದರೂ ಅವತ್ತು ಪರದೆಯಲ್ಲಿ ನೋಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಉಣ್ಣೆಯ ಒಂದೊಂದು ಎಳೆಗೂ ಮೈಮೇಲೆ ರೋಮ. ಬೂದು ಎಂದುಕೊಂಡಿದ್ದ ಪ್ಯಾಂಟಿನಲ್ಲಿ ನೀಲಿ ಇತ್ತು, ಕಂದು ಇತ್ತು, ಎಲ್ಲೋ ಒಂದು ಕೆಂಪು ಕೂಡ. ಊಟ ಮರೆತು ತೆಗೆದೆ. ನನ್ನ ಅತ್ಯುತ್ತಮ ರಫು ಮೂರನ್ನು ಆರಿಸಿ ಒಯ್ದೆ. ಕ್ಯಾಮೆರಾ ಅಂಗಡಿಯಾಕೆ ಅವುಗಳನ್ನು ತನ್ನ ಕಂಪ್ಯೂಟರಿನಿಂದ ಭಂಡಾರಕ್ಕೆ ಕಳಿಸಿದಳು.

ಉತ್ತರ ಬಂತು. ಆಕೆ ಓದಿ ಹೇಳುವಾಗ ತುಟಿ ಕಚ್ಚಿಕೊಂಡಿದ್ದಳು. "ಚಿತ್ರಗಳು ಸ್ಪಷ್ಟವಾಗಿವೆ. ಆದರೆ ತಪ್ಪಿ ಹರಿಯದ ಭಾಗದ ಚಿತ್ರ ಕಳಿಸಿದ್ದೀರಿ. ದಯವಿಟ್ಟು ರಫು ಮಾಡಿದ ಭಾಗದ್ದು ಕಳಿಸಿ."

ಅಂಗಡಿಯಾತ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಂಥದ್ದೇ. ಆದರೆ ನಾನು ದಾರಿಯುದ್ದಕ್ಕೂ ಅಳುತ್ತಾ ಬಂದೆ. ಜೀವಮಾನವೆಲ್ಲ ಕಾಣದ ಹಾಗೆ ಕೆಲಸ ಮಾಡಲು ಕಲಿತೆವು, ಈಗ ಕಾಣಲಿಲ್ಲ ಎಂಬುದೇ ತಪ್ಪಾಯಿತು. ಕೀಲಿ ಮಾಡುವವನು ಮೆಟ್ಟಿಲ ಬಳಿ ಅಳತೆ ಪಟ್ಟಿ ಹಿಡಿದು ನಿಂತಿದ್ದ. "ಅವಸರ ಏನಿಲ್ಲ ಅಕ್ಕಾವ್ರೇ, ಸುಮ್ಮನೆ ಬಾಗಿಲಿನ ಅಗಲ ನೋಡ್ತಿದ್ದೆ" ಎಂದ. ಒಳ್ಳೆಯವನು, ಆದರೆ ಅವತ್ತು ಅವನನ್ನು ಕಂಡು ಮೈ ಉರಿಯಿತು. ಮೇಲೆ ಬಂದು ನಿನಗೆ ಫೋನ್ ಮಾಡಿ ಪರದೆ ಹಸಿರಿರಲಿ ಎನ್ನಬೇಕೆಂದುಕೊಂಡೆ. ನೀನು ಬೇರೆ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದೆ, ಸಿಗಲಿಲ್ಲ. ನಿನ್ನ ಫೋನು ಯಾವಾಗ ತಾನೇ ಬಿಡುವಾಗಿರುತ್ತದೆ? ಅದೇ ಉಳಿಸಿತು.

ಮರುದಿನ ಬೆಳಿಗ್ಗೆ ಕ್ಯಾಮೆರಾ ಅಂಗಡಿಯಾಕೆ ತಾನಾಗಿಯೇ ನಮ್ಮ ಕೋಣೆಗೆ ಬಂದಳು. ಪ್ಯಾಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮುಖ ಕಾಣದಿದ್ರೆ ಬೆನ್ನು ತೆಗೀರಿ ಅಕ್ಕಾ. ಒಳಗಡೆ ಕಾಣುತ್ತಲ್ಲ" ಎಂದಳು. ನಮ್ಮ ಕಸುಬಿನಲ್ಲಿ ಬಟ್ಟೆಯ ಒಳಮೈಯನ್ನು ಗಿರಾಕಿಗೆ ತೋರಿಸುವುದಿಲ್ಲ. ಮಾವ ಇದ್ದಾಗಿನಿಂದ ಇರುವ ನಿಯಮ ಅದು, ನಿನಗೂ ಗೊತ್ತು. ಆದರೆ ಇನ್ನು ಯಾವ ನಿಯಮ, ಯಾರಿಗಾಗಿ? ಎರಡು ಬಟ್ಟೆಯ ಒಳಮೈ ತೆಗೆದೆ. ಮೂರನೆಯದಕ್ಕೆ, ಸಂಗೀತದ ಮೇಷ್ಟರು ಜೇಬು ಹರಿದಿದೆಯೆಂದು ಕೊಟ್ಟುಹೋಗಿದ್ದ ಕಪ್ಪು ಕೋಟನ್ನು ಎತ್ತಿಕೊಂಡೆ. ಅದರ ಮೊಣಕೈಯಲ್ಲಿ ನಮ್ಮಲ್ಲೇ ಹಾಕಿದ ಹಳೆಯ ರಫು ಇತ್ತು.

ಚಿನಕುರುಳಿ, ಈಗ ನಿನಗೆ ಗೊತ್ತಿಲ್ಲದ ಒಂದು ಮಾತು. ಕೊನೆಯ ವರ್ಷ ನಿಮ್ಮಣ್ಣನ ಕೈ ನಡುಗುತ್ತಿತ್ತು. ನೀನು ಬಂದಾಗಲೆಲ್ಲ ಅವರು ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ರಫು ಸೊಟ್ಟ ಬರುತ್ತಿತ್ತು. ಅವರು ಮಧ್ಯಾಹ್ನ ಮಲಗಿದ ಮೇಲೆ ನಾನು ಅದನ್ನು ಬಿಚ್ಚಿ ಮತ್ತೆ ಹಾಕಿ, ಇಸ್ತ್ರಿ ಮಾಡಿ, ಅವರ ಮೇಜಿನ ಮೇಲೆ ಹಾಗೆಯೇ ಇಡುತ್ತಿದ್ದೆ. ಗಿರಾಕಿ ಹೊಗಳಿದರೆ ಅವರು ತಲೆ ಬಗ್ಗಿಸಿ ನಗುತ್ತಿದ್ದರು. ಅವರಿಗೆ ತಿಳಿಯದು ಎಂದು ನಾನು ಎದೆಯಲ್ಲೇ ಹೆಮ್ಮೆಪಡುತ್ತಿದ್ದೆ. ಈ ಕೋಟನ್ನು ಮಾತ್ರ ಮೇಷ್ಟರು ಹೇಳಿದ ದಿನಕ್ಕಿಂತ ಮುಂಚೆಯೇ ಬಂದು ಒಯ್ದಿದ್ದರು. ಹಾಗಾಗಿ ಇದೊಂದು ಪೂರ್ತಿ ಅವರ ಕೈಯದೇ.

ಒಳಮೈಯನ್ನು ಕಿಟಕಿಯ ಕಡೆ ಹಿಡಿದು, ಮೂಗನ್ನು ಉದ್ದ ಮಾಡಿ, ಗುಂಡಿ ಒತ್ತಿ ಕೈ ಬಿಟ್ಟೆ. ಪರದೆಯಲ್ಲಿ ಬಂದದ್ದು ನೋಡಿ ಮೊದಲು ಅರ್ಥವಾಗಲಿಲ್ಲ. ಪ್ರತಿ ಸಾಲಿನ ಕೊನೆಯಲ್ಲೂ ದಾರದ ಬಾಲ. ಒಂದಲ್ಲ ಎರಡಲ್ಲ, ಎಲ್ಲ ಸಾಲಿಗೂ. ಎಲ್ಲವೂ ಒಂದೇ ಕಡೆಗೆ ಬಾಚಿದ ಹಾಗೆ. ಗಂಟು ಎಲ್ಲೂ ಇಲ್ಲ. ಬಾಲ ಬಿಟ್ಟ ರಫು ಅರ್ಧ ತೊಳೆದ ಪಾತ್ರೆ ಎಂದು ನನ್ನನ್ನು ಗದರಿಸಿ ಗದರಿಸಿ ಕಲಿಸಿದವರು ಅವರೇ ಅಲ್ಲವೇ? ಕೈ ನಡುಗಿ ಉಳಿದದ್ದಾದರೆ ಒಂದು ಉದ್ದ, ಒಂದು ಗಿಡ್ಡ ಇರಬೇಕಿತ್ತು. ಇವು ಅಳೆದು ಬಿಟ್ಟ ಬಾಲಗಳು. ಒಂದನ್ನು ಬೆರಳಿಗೆ ಸುತ್ತಿ ಎಳೆದೆ. ಇಡೀ ಸಾಲು ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ಬಟ್ಟೆಗೆ ಏನೂ ಆಗಲಿಲ್ಲ.

ಆಗ ನೆನಪಾಯಿತು, ಆ ವರ್ಷ ಅವರ ರಫು ಬಿಚ್ಚುವುದು ನನಗೆ ಎಂದೂ ಕಷ್ಟವಾಗಿರಲಿಲ್ಲ. ಬಾಲ ಇದ್ದದ್ದನ್ನು ಅವಸರದಲ್ಲಿ ಕಂಡೂ ಇದ್ದೆನೇನೋ. ಪಾಪ, ಕೈಯಲ್ಲಿ ಬಿಗಿ ಇಲ್ಲ ಎಂದುಕೊಂಡಿದ್ದೆ. ಅವರಿಗೆ ಗೊತ್ತಿತ್ತು ಕಣೇ. ನಾನು ಬಿಚ್ಚುತ್ತೇನೆ ಎಂದು ಗೊತ್ತಿದ್ದು, ನನ್ನ ಕಣ್ಣಿಗೆ, ಬೆರಳಿಗೆ ನೋವಾಗದ ಹಾಗೆ ಹೊಲಿದಿಟ್ಟು ಮಲಗುತ್ತಿದ್ದರು. ಮಲಗುತ್ತಿದ್ದರೋ, ಕಣ್ಣು ಮುಚ್ಚಿಕೊಂಡು ಸುಮ್ಮನಿರುತ್ತಿದ್ದರೋ! ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಬಟ್ಟೆಯನ್ನು ಸಂಭಾಳಿಸಿದೆವು. ಅವರು ಹೋದ ಮೇಲೆ ಮೊದಲ ಸಲ ಅಳುವೂ ನಗುವೂ ಒಟ್ಟಿಗೆ ಬಂತು. ಅಂಗಡಿಯಾಕೆ ಎದ್ದು ಚಹಾ ಮಾಡಿ ತಂದಳು. ಸಕ್ಕರೆ ಎಲ್ಲಿದೆಯೆಂದೂ ಕೇಳದೆ ಹುಡುಕಿಕೊಂಡಳು.

ಚಿತ್ರ ಕಳಿಸುವಾಗ ಆಕೆ ಅನುಮಾನಿಸಿದಳು. "ಮೊದಲೆರಡು ಅಚ್ಚುಕಟ್ಟಾಗಿವೆ. ಇದರಲ್ಲಿ ದಾರ ಎಲ್ಲ ಜೋತಾಡ್ತಿದೆ ಅಕ್ಕಾ. ಬೇರೆ ಯಾವುದಾದ್ರೂ ತೆಗೆಯೋಣ." ಅವಳು ಹೇಳಿದ್ದು ಸರಿ. ಬೇರೆ ಬಟ್ಟೆಗಳಿದ್ದವು, ಸಮಯವೂ ಇತ್ತು. ಆದರೆ ನಾನು ಬೇಡವೆಂದೆ. ಇದನ್ನು ಕಂಡು ಯಾರಾದರೂ ಕೆಲಸ ಕೊಡುವುದಿಲ್ಲ ಎಂದರೆ ಕೊಡದಿರಲಿ, ನಿಮ್ಮಣ್ಣನ ಕೈಯನ್ನು ಮರೆಮಾಡಿ ಈ ಅಂಗಡಿ ಉಳಿಸಿಕೊಳ್ಳುವುದು ನನ್ನಿಂದ ಇನ್ನು ಆಗದು ಎನ್ನಿಸಿತು. ಕಳಿಸಿಬಿಟ್ಟೆವು. ಮನೆಗೆ ಬಂದ ಮೇಲೆ, ಎಂಥ ಹುಚ್ಚು ಕೆಲಸ ಮಾಡಿದೆ ಎಂದು ಹಣೆ ಚಚ್ಚಿಕೊಂಡದ್ದೂ ನಿಜ.

ಮೇಲ್ವಿಚಾರಕಿ ಶುಕ್ರವಾರ ತಾವೇ ಫೋನ್ ಮಾಡಿದರು. ದನಿ ಕೇಳಿದರೆ ಸೂಜಿ ಬಾಯಲ್ಲಿ ಕಚ್ಚಿಕೊಂಡು ಮಾತಾಡುವವರ ಹಾಗಿತ್ತು. ಪೀಠಿಕೆ ಇಲ್ಲ, ಏನಿಲ್ಲ. "ಮೂರನೇ ಚಿತ್ರ. ಆ ದಾರಗಳನ್ನ ಯಾಕೆ ಬಿಟ್ಟಿದ್ದೀರಿ?"

ನನಗೆ ಬೇರೆ ಉತ್ತರ ಹೊಳೆಯಲಿಲ್ಲ. "ಆಮೇಲೆ ಬಿಚ್ಚೋರಿಗೆ ಸುಲಭ ಆಗ್ಲಿ ಅಂತ" ಎಂದೆ.

ಮುಗಿಯಿತು ಎಂದುಕೊಂಡೆ. ಆಮೇಲೆ ಅವರು ಹೇಳಿದರು, "ನಾನು ಇಷ್ಟು ವರ್ಷ ಎಲ್ಲರಿಗೂ ಬಡ್ಕೊಳ್ಳೋದು ಇದನ್ನೇ. ನಮ್ಮ ಉಡುಪು ಒಂದು ಸಲ ದಪ್ಪನೆಯ ರಾಜನಿಗೆ ಹೋಗುತ್ತೆ, ಮುಂದಿನ ಸಲ ಕಡ್ಡಿಯಂಥ ರಾಜನಿಗೆ. ಪ್ರತಿ ಸಲ ಬಿಚ್ಚಬೇಕು. ಇವರೆಲ್ಲ ಗಂಟಿನ ಮೇಲೆ ಗಂಟು ಹಾಕಿ ಕೊಡ್ತಾರೆ, ಬಿಚ್ಚೋಕೆ ಹೋದ್ರೆ ಹಳೇ ಬಟ್ಟೆ ಹರಿದು ಕೈಗೆ ಬರುತ್ತೆ. ಹೊಲಿಯೋರು ಬೇಕಾದಷ್ಟು ಜನ ಸಿಗ್ತಾರೆ. ಮುಂದೆ ಬಿಚ್ಚೋರ ಬಗ್ಗೆ ಯೋಚನೆ ಮಾಡೋರು ಸಿಗಲ್ಲ." ಮೊದಲ ಪೆಟ್ಟಿಗೆ ಬರುವ ವಾರ ಕಳಿಸುತ್ತಾರಂತೆ. ಎಲ್ಲದಕ್ಕೂ ಮೂರನೇ ಚಿತ್ರದ ಹಾಗೇ ಬಾಲ ಬಿಡಬೇಕಂತೆ. ಮೊದಲೆರಡು ಚಿತ್ರದ ಬಗ್ಗೆ, ನನ್ನ ಕೈಯ ಆ ಅಚ್ಚುಕಟ್ಟಿನ ಬಗ್ಗೆ, ಒಂದು ಮಾತೂ ಇಲ್ಲ! ನಿಮ್ಮಣ್ಣ ಇದ್ದಿದ್ದರೆ ತಿಂಗಳುಗಟ್ಟಲೆ ನನ್ನನ್ನು ರೇಗಿಸುತ್ತಿದ್ದರು.

ಕೀಲಿ ಮಾಡುವವನಿಗೆ ಕೋಣೆ ಬಿಡುವುದಿಲ್ಲ ಎಂದು ಹೇಳಿದೆ. "ಒಳ್ಳೇದಾಯ್ತು ಬಿಡಿ, ಆ ಯಂತ್ರಾನ ಮೆಟ್ಟಿಲು ಹತ್ತಿಸೋರು ಯಾರು" ಎಂದ. ಬೇಜಾರನ್ನು ಎಷ್ಟು ಚೆನ್ನಾಗಿ ಮಡಚಿಟ್ಟುಕೊಂಡ ಪುಣ್ಯಾತ್ಮ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ನಾನು ನಿಮ್ಮ ಮನೆಯಲ್ಲಿ ಇರುವುದಕ್ಕೆ ಬರುವುದಿಲ್ಲ. ಬೇಸರಪಡಬೇಡ. ನಿನ್ನ ಕೋಣೆಯನ್ನೂ ಆ ಸುಣ್ಣವನ್ನೂ ನಾನು ಮರೆಯುವುದಿಲ್ಲ. ನೀನು ದಿನಾ ಫೋನ್ ಮಾಡಿ ಊಟ ಆಯಿತಾ, ನಿದ್ದೆ ಬಂತಾ ಎಂದು ಕೇಳಿದೆ. ನಾನು ಒಮ್ಮೆಯೂ ತಿರುಗಿ ಕೇಳಲಿಲ್ಲ. ನಾನು ಗಂಡನನ್ನು ಕಳೆದುಕೊಂಡದ್ದು ಎಲ್ಲರಿಗೂ ಕಾಣುತ್ತದೆ. ನೀನು ಅಣ್ಣನನ್ನು ಕಳೆದುಕೊಂಡದ್ದು, ನಿನ್ನ ಅಷ್ಟೊಂದು ಮಾತಿನ ಕೆಳಗೆ, ನನಗೂ ಕಾಣಲಿಲ್ಲ ನೋಡು. ನಿನಗೆ ನಿದ್ದೆ ಬರುತ್ತಿದೆಯೇನೇ?

ಚಿತ್ರ ಒಂದನ್ನು ಮುದ್ರಿಸಿ ಇದರ ಜೊತೆ ಇಟ್ಟಿದ್ದೇನೆ. ನಿಮ್ಮಣ್ಣನ ಕೈ ಹೇಗಿತ್ತು ಎಂದು ನೋಡು. ಸೊಟ್ಟ ಇರುವುದನ್ನೂ ನೋಡು. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ನಿನ್ನ ಮಗಳಿಗೆ ಮುತ್ತು. ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ನಿನ್ನನ್ನು ಹೆಚ್ಚು ಕಾಯಿಸಿದ,
ನಿನ್ನ ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮೇಲ್ವಿಚಾರಕಿ ಫೋನ್ ಇಡುವ ಮುಂಚೆ, "ನಿಮ್ಮಲ್ಲಿ ಎಷ್ಟು ಜನ ಕೆಲಸ ಮಾಡ್ತೀರಿ? ಒಬ್ಬರಿಂದ ಆಗೋದಲ್ಲ ಇದು" ಎಂದು ಕೇಳಿದರು. ನಾನು "ಇಬ್ಬರು" ಎಂದುಬಿಟ್ಟೆ. ಬಾಯಿಗೆ ಅದೇ ಬಂತು, ಇಷ್ಟು ವರ್ಷದ ಅಭ್ಯಾಸ. ಫೋನ್ ಇಟ್ಟ ಮೇಲೆ ಕುಳಿತು ಯೋಚಿಸಿದೆ. ನಾನು ಈ ಮನೆಗೆ ಬರುವ ಮುಂಚೆಯೇ ನಿಮ್ಮಪ್ಪ ನಿನಗೂ ನಿಮ್ಮಣ್ಣನಿಗೂ ಒಟ್ಟಿಗೇ ರಫು ಕಲಿಸಿದ್ದರಂತೆ, ನಿನ್ನ ಎಳೆಯೇ ಹೆಚ್ಚು ನೇರ ಇತ್ತಂತೆ. ನಿಮ್ಮಣ್ಣನೇ ಹೇಳಿದ್ದು. ಮೊದಲ ಪೆಟ್ಟಿಗೆ ಬಂದಾಗ ನೀನು ಬಂದು ನನ್ನ ಸುಳ್ಳನ್ನು ನಿಜ ಮಾಡಿಕೊಡುತ್ತೀಯಾ? ವಾರ ಇರು, ಹದಿನೈದು ದಿನ ಇರು, ಇಷ್ಟವಾದರೆ ತಿಂಗಳಿಗೊಮ್ಮೆ ಬಾ. ಅವರ ಕುರ್ಚಿಯನ್ನು ಇವತ್ತು ಬೆಳಿಗ್ಗೆ ಒರೆಸಿದೆ. ನೀನು ಎಡಗೈಯವಳಲ್ಲವೇ, ಬೆಳಕು ಬಲದಿಂದ ಬೀಳುವ ಹಾಗೆ ತಿರುಗಿಸಿಟ್ಟಿದ್ದೇನೆ.